ಗೇಟ್ ಮೊದಲು, ಮನೆ ಆಮೇಲೆ

ಸಾಕ್ಷಾತ್ ಯಮಧರ್ಮನೇ ಬಂದಾಗಲೂ ನಮ್ಮ ಸೋದರಮಾವ ಅವನನ್ನು ತಡೆದು, "ಪಾಸ್ ತೋರಸ್ರಿ, ಕ್ವಾಣಂದು ಬ್ಯಾರೆ ಬೇಕು" ಎಂದು ಕೇಳಿರಬೇಕು, ಅನುಮಾನವೇ ಬೇಡ! ದಾಂಡೇಲಿಯ ಕಾಗದದ ಕಾರ್ಖಾನೆಯ ಗೇಟ್ ಕಾಯುತ್ತಾ ಸವೆದ ಜೀವ ಅದು. ಪಾಸಿನ ತಾರೀಖು ಮುಗಿದಿದ್ದರೆ ಸ್ವಂತ ಬೀಗರೂ ಆಚೆಯೇ ನಿಲ್ಲಬೇಕಿತ್ತು.

ನಿವೃತ್ತಿಯಾದ ಮೇಲೂ ಮಾಮಾನ ಡ್ಯೂಟಿ ಮುಗಿಯಲಿಲ್ಲ. ಬಿಸ್ಕಿಟ್ ಪುಡಾ ತಿರುಗಿಸಿ ತಾರೀಖು ನೋಡುವ ತನಕ ನಮಗೆ ಚಹಾ ಇಲ್ಲ. ಒಮ್ಮೆ ಹಬ್ಬಕ್ಕೆಂದು ಹಳಿಯಾಳದಿಂದ ಬಂದ ನನ್ನನ್ನು, ಸ್ಕೂಟರಿನ ಇನ್ಶೂರೆನ್ಸ್ ಮುಗಿದಿದೆಯೆಂದು ಬಸ್ಸಿನಲ್ಲಿ ವಾಪಸ್ ಕಳಿಸಿದ ಪುಣ್ಯಾತ್ಮರು! ಹೋಳಿಗೆ ಕಟ್ಟಿಕೊಟ್ಟರು, ಅದು ಬೇರೆ ಮಾತು.

ಇಂಥವರು ಮನೆ ಕಟ್ಟಿಸಲು ನಿಂತರೆ ಮೊದಲು ಏನು ಕಟ್ಟಿಸಬೇಕು? ಗೇಟ್! ಕಾಂಪೌಂಡ್ ಇಲ್ಲ, ಗೋಡೆ ಇಲ್ಲ. ಬಯಲಿನಲ್ಲಿ ಎರಡು ಕಂಬ, ನಡುವೆ ಕಬ್ಬಿಣದ ಗೇಟ್. ಎಮ್ಮೆಗಳು ಪಕ್ಕದಿಂದ ಹಾಯಾಗಿ ಹೋಗುತ್ತಿದ್ದವು. ಗೌಂಡಿಗಳು ಮಾತ್ರ ಗೇಟಿನಿಂದಲೇ ಬರಬೇಕು.

"ಬಾಜೂಕಿಂದ ಬಂದ್ರ ಏನಾಗ್ತೈತ್ರಿ?" ಎಂದು ಒಬ್ಬ ಗೌಂಡಿ ಕೇಳಿದ.

"ಶಿಸ್ತು ಹಾಳಾಗ್ತೈತಿ!"

ಮಾಮಾ ಈಗಿಲ್ಲ. ನಾನು ಮಾತ್ರ ಇವತ್ತಿಗೂ ಆ ಗೇಟಿನಿಂದಲೇ ಹೋಗುತ್ತೇನೆ.

ಮಾಮಿಗೆ ಬೇಕಿದ್ದುದು ಒಂದೇ, ಬೆಳಕಿರುವ ಅಡಿಗೆಮನೆ. ಬಾಡಿಗೆ ಮನೆಗಳ ಕತ್ತಲೆ ಮೂಲೆಯಲ್ಲಿ ಬೇಯಿಸಿ ಬಡಿಸಿದವಳು, ಪೂರ್ವಕ್ಕೊಂದು ದೊಡ್ಡ ಕಿಟಕಿ ಕೇಳಿದ್ದಳು. ಕಿಟಕಿ ಬಂತು. ಮೊದಲ ಮಳೆಗೇ ಸ್ಲ್ಯಾಬ್ ಸೋರಿ, ನೀರು ನೇರ ಅವಳ ಒಲೆಯ ಮೇಲೆ! ಗುತ್ತಿಗೆದಾರನನ್ನು ಕರೆದರೆ ನಾಳೆ, ನಾಡಿದ್ದು. ಸಿಟ್ಟಿಗೆದ್ದ ಮಾಮಾ ನಗರಸಭೆಗೆ ಹೋಗಿ ವಿಚಾರಿಸಿದರೆ, ಪಾಯ ತೋಡುವ ಮೊದಲೇ ಅವನ ಲೈಸೆನ್ಸ್ ಮುಗಿದಿತ್ತಂತೆ.

ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ. ಜಗತ್ತಿನ ತಾರೀಖು ನೋಡುವವರು ಇದೊಂದನ್ನು ಹೇಗೆ ಬಿಟ್ಟರು?

ಅವರನ್ನು ಹಳಿಯಾಳದ ವಕೀಲರೊಬ್ಬರ ಬಳಿ ಕರೆದೊಯ್ದೆ. "ಅವನ ಲೈಸೆನ್ಸ್ ಮುಗದ್ರ ನಿಮ್ಮ ಹಕ್ಕು ಮುಗಿಯೂದಿಲ್ರಿ. ಉಳದ ಕೆಲಸಾ ನಿಲ್ಲಸ್ರಿ. ಅವನ ಖರ್ಚಿನಾಗ ಸರಿ ಮಾಡಿಕೊಡು ಅಂತ ನೋಟಿಸ್ ಕೊಡೂಣು. ಕೇಳಲಿಲ್ಲಂದ್ರ ಗ್ರಾಹಕರ ಕೋರ್ಟ್ ಐತಿ" ಎಂದ ವಕೀಲರು ಸುಮ್ಮನಿರಬಾರದೇ? "ಕೆಲಸಾ ಕೊಡೂಮುಂದ ಲೈಸೆನ್ಸ್ ನೋಡಿದ್ರೇನ್ರಿ?" ಎಂದರು.

"ಕೈಯಾಗ ಹಿಡದು ನೋಡೇನ್ರಿ."

"ಮತ್ತ ತಾರೀಖು?"

ಮಾಮಾ ಕನ್ನಡಕ ತೆಗೆದು ಒರೆಸತೊಡಗಿದರು. ಬಸ್ಸಿನಲ್ಲಿ ಕೂತ ಮೇಲೆ ಮೆಲ್ಲಗೆ ಹೇಳಿದರು: "ಸಣ್ಣ ಅಕ್ಷರ ಕಾಣಸವಲ್ಲವು. ಭಾಳ ದಿನಾ ಆತು. ನಿಮ್ಮ ಮಾಮಿಗೆ ಹೇಳಬ್ಯಾಡ."

ಹಾಗಾದರೆ ಆ ಬಿಸ್ಕಿಟ್ ಪುಡಾ? ಬರೀ ತಿರುಗಿಸಿ ನೋಡಿದಂತೆ ಮಾಡುತ್ತಿದ್ದರು! ನನಗೆ ನಗು ಬರಲಿಲ್ಲ.

ನೋಟಿಸ್ ಮುಟ್ಟಿದ್ದೇ ತಡ, ಗುತ್ತಿಗೆದಾರ ಹೊಸ ಲೈಸೆನ್ಸ್ ಹಿಡಿದು ಬಂದ. ಮಾಮಾ ಗೇಟ್ ಹಾಕಿಕೊಂಡು ನಿಂತಿದ್ದರು. "ತಪ್ಪಾತ್ರಿ ಸಾಹೇಬ್ರ. ಸ್ಲ್ಯಾಬ್ ಒಡದು ಮತ್ತ ಹಾಕಿಕೊಡ್ತೇನ್ರಿ" ಎಂದು ಕಂಬಿಯ ಸಂದಿಯಿಂದ ಕಾಗದ ಚಾಚಿದ. ಪಕ್ಕದಿಂದ ಬರಬಹುದಿತ್ತು, ಪಾಪ, ಬರಲಿಲ್ಲ. ಮಾಮಾ ಕಾಗದವನ್ನು ಬೆಳಕಿಗೆ ಹಿಡಿದರು. ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಅವರು ಮನೆಯ ಕಡೆ ತಿರುಗಿ ಮಾಮಿಯನ್ನು ಕರೆದರು.

"ಏ, ಇಲ್ಲಿ ಬಾ. ನನಗ ಕಾಣೂದಿಲ್ಲ. ತಾರೀಖು ನೀ ಓದು. ಅಡಿಗಿಮನಿ ನಿಂದು, ಒಳಗ ಬಿಡೂದೂ ನಿಂದ."

ಮಾಮಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಓದಿದಳು. "ಬರೋಬ್ಬರಿ ಐತ್ರಿ" ಎಂದು ಗೇಟಿನ ಅಗುಳಿ ತೆಗೆದಳು. ಆಮೇಲೆ ಮಾಮಾನ ಮುಖ ನೋಡದೆ ಹೇಳಿದಳು:

"ಅವನ ಮೊದಲಿನ ಲೈಸೆನ್ಸೂ ಅವತ್ತ ನನ್ನ ಕೈಯಾಗ ಕೊಟ್ಟಿದ್ರ ಆಗ್ತಿತ್ತು. ಬಿಸ್ಕಿಟ್ ಪುಡಾ ದಿನಾ ನಾ ಓದೇ ನಿಮ್ಮ ಮುಂದ ಇಡ್ತಿದ್ನಲ್ರಿ."