ಚೈನಿಗೆ ಯಾವ ಎಣ್ಣೆ ಎಂದು ಕೇಳದಿರುವ ಬಗ್ಗೆ

ಇಂದ:
ಕಚೇರಿಯಲ್ಲಿ ಎಲ್ಲರೂ ‘ಪೆಡಲಣ್ಣ’ ಎಂದೇ ಕರೆಯುವ ಟಪಾಲು ನೌಕರ,
ನೀರು ಸರಬರಾಜು ಕಚೇರಿ
(ಕೂರುವ ಜಾಗ: ಮೆಟ್ಟಿಲ ಕೆಳಗೆ, ಸೈಕಲ್ಲಿನ ಪಕ್ಕ)

ಗೆ:
ಮಾನ್ಯ ಮುಖ್ಯಾಧಿಕಾರಿಗಳು,
ಅದೇ ಕಚೇರಿ, ಮೇಲಿನ ಮಹಡಿ

ವಿಷಯ: ಕಚೇರಿ ಸೈಕಲ್ಲಿನ ಚೈನಿಗೆ ಯಾವ ಕೀಲೆಣ್ಣೆ ಸರಿ ಎಂದು ಅರ್ಜಿದಾರನನ್ನು ದಯವಿಟ್ಟು ಕೇಳದಿರುವ ಬಗ್ಗೆ.

ಉಲ್ಲೇಖ:
1) ಎಣ್ಣೆ ಕೊಡಿಸಿ ಎಂದು ಅರ್ಜಿದಾರ ಕೊಟ್ಟ ಹನ್ನೊಂದು ಅರ್ಜಿಗಳು (ಉತ್ತರ ಬಂದಿಲ್ಲ).
2) ಸೈಕಲ್ ಹೊರಗೆ ಹೋಗಕೂಡದು ಎಂಬ ತಮ್ಮ ಸುತ್ತೋಲೆ.
3) ಸೋಮವಾರ ಹನ್ನೊಂದು ಗಂಟೆಗೆ ಹಾಜರಾಗಿ ಅಭಿಪ್ರಾಯ ಹೇಳತಕ್ಕದ್ದು ಎಂಬ ಕೀಲೆಣ್ಣೆ ಆಯ್ಕೆ ಸಮಿತಿಯ ನೋಟೀಸು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಅರ್ಜಿದಾರ ಬಾಯಲ್ಲಿ ಹೇಳಿದ್ದನ್ನು ತಮ್ಮ ಗೇಟಿನೆದುರು ಮೇಜು ಹಾಕಿಕೊಂಡಿರುವ ಈ ಅರ್ಜಿ ಬರೆಯುವವನು ಬರೆದುಕೊಡುತ್ತಿದ್ದಾನೆ. ಅರ್ಜಿದಾರನಿಗೆ ಓದು ಬರಹ ಬಾರದೆಂದಲ್ಲ. ಹಿಂದಿನ ಹನ್ನೊಂದನ್ನು ತಾನೇ ಬರೆದು ಕೈಸುಟ್ಟುಕೊಂಡಿದ್ದಾನೆ, ಅಷ್ಟೆ. 

1. ಅರ್ಜಿದಾರ ಇಪ್ಪತ್ತೆರಡು ವರ್ಷದಿಂದ ಸದರಿ ಸೈಕಲ್ಲಿನಲ್ಲಿ ಸದರಿ ಕಚೇರಿಯ ಕಾಗದಗಳನ್ನು ಒಯ್ಯುತ್ತಿದ್ದಾನೆ. ಸೇವೆ ಇನ್ನು ಮೂರು ವರ್ಷ ಬಾಕಿ ಇದೆ. ಪಂಪ್ ಮನೆಯ ದಾರಿ ಏಳು ಮೈಲಿ, ಪೂರಾ ಧೂಳು.

2. ಕಳೆದ ತಿಂಗಳು ಮೇಲಿನ ಮಹಡಿಯಲ್ಲಿ ದೊಡ್ಡ ಸಭೆ ನಡೆಯುತ್ತಿದ್ದಾಗ ಅರ್ಜಿದಾರ ಕಿಟಕಿಯ ಕೆಳಗೆ ಸೈಕಲ್ ತುಳಿದುಕೊಂಡು ಬಂದ. ಚೈನು ಕಿವಿ ಕಿತ್ತುಹೋಗುವಂತೆ ಕಿರುಚಿತು. ತಾವೇ ಕಿಟಕಿಗೆ ಬಂದು, “ಏನ್ರೀ ಅದು, ಯಾರನ್ನ ಕೊಲ್ತಾ ಇದ್ದೀರಾ?” ಎಂದು ಕೇಳಿದಿರಿ. ಅರ್ಜಿದಾರ, “ಚೈನು ಸಾರ್. ಎಣ್ಣೆ ಕೊಟ್ಟಿಲ್ಲ ಸಾರ್,” ಎಂದ. ಆ ಕ್ಷಣವೇ ಒಂದು ಡಬ್ಬಿ ಎಣ್ಣೆ ಕೊಡಿಸಿದ್ದರೆ ಇಷ್ಟು ರಾಮಾಯಣವೇ ಇರುತ್ತಿರಲಿಲ್ಲ. ಆದರೆ ಅಂದು ಮಧ್ಯಾಹ್ನವೇ ಮೂವರ ಸಮಿತಿಯಾಯಿತು. ಸರಿಯಾದ ಎಣ್ಣೆ ತೀರ್ಮಾನವಾಗುವ ತನಕ ಸೈಕಲ್ ಹೊರಡಕೂಡದೆಂದು ಸುತ್ತೋಲೆಯೂ ಬಂತು.

3. ಸಮಿತಿಯ ಅಧ್ಯಕ್ಷರಾದ ಹೆಡ್ ಕ್ಲಾರ್ಕ್ ಸಾಹೇಬರು ಗ್ರೀಸಿನ ಪಕ್ಷ. “ನಮ್ಮ ತಂದೆಯೋರು ಗಿರಣಿಗೆ ಗ್ರೀಸೇ ಹಾಕ್ತಿದ್ರು, ಗೊತ್ತಾ?” ಎಂದು ಬೆರಳಲ್ಲಿ ಬಳಿದರು. ಗ್ರೀಸು ಚೈನಿನ ಮೈಮೇಲೆ ಕೂತಿತೇ ಹೊರತು ಒಳಗೆ ಇಳಿಯಲಿಲ್ಲ. ಅಂಗಳದಲ್ಲಿ ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಇದ್ದಬದ್ದ ಧೂಳೆಲ್ಲ ಅದಕ್ಕೇ ಮೆತ್ತಿಕೊಂಡಿತು. ಎರಡನೆಯವರು ಉಗ್ರಾಣದ ಅಕ್ಕಾವರು, ಹೊಲಿಗೆ ಮೆಷಿನ್ನಿನ ಎಣ್ಣೆಯ ಪಕ್ಷ. ಹಾಕಿದ ದಿನ ಚೈನು ಹೂವಿನಂತೆ ತಿರುಗಿತು, ಮೂರನೆಯ ದಿನಕ್ಕೆ ಒಣಗಿ ಮತ್ತೆ ಕಿರುಚಿತು. ಮೂರನೆಯವರು ತಮ್ಮ ಕಾರಿನ ಡ್ರೈವರ್. ಕಾರಿನಿಂದ ಇಳಿಸಿದ ಹಳೇ ಎಂಜಿನ್ ಆಯಿಲ್ಲನ್ನು ಧಾರಾಳವಾಗಿ ಸುರಿದು, “ನೋಡಣ್ಣ, ಇನ್ನು ಹತ್ತು ವರ್ಷ ಮುಟ್ಟಂಗಿಲ್ಲ,” ಎಂದರು. ಹತ್ತು ವರ್ಷ ಮುಟ್ಟುವಂತಿಲ್ಲದ್ದು ಅರ್ಜಿದಾರನ ಪ್ಯಾಂಟು. ಈಗ ಮೂವರೂ ಮುಖ ಊದಿಸಿಕೊಂಡಿದ್ದಾರೆ, ಒಬ್ಬರಿಗೊಬ್ಬರು ಮಾತಿಲ್ಲ.

4. ಹೀಗಿರಲಾಗಿ ಒಂದು ಲಕೋಟೆ ಹುಟ್ಟಿಕೊಂಡಿತು. ರವಾನೆ ಶಾಖೆಯ ಮೇಡಂ ಅದನ್ನು ಅರ್ಜಿದಾರನ ಕೈಗೆ ಕೊಡುತ್ತಾ ಅವನ ಮುಖ ನೋಡಲಿಲ್ಲ.

“ಯಾರ ಮನೆಗೆ ಮೇಡಂ?”

“ನಿಮ್ಮ ಮನೆಗೇ ಅಣ್ಣ. ಟೈಪ್ ಮಾಡಿದ್ದು ನಾನೇ. ಟಪಾಲು ಹುದ್ದೆ ತೆಗೀತಿದಾರೆ. ಕಾಗದ ಎಲ್ಲ ಫೋನಲ್ಲೇ ಹೋಗತ್ತಲ್ಲ ಈಗ.”

“ಹಂಗಾದ್ರೆ ನಾನು?”

“ಇದು ನಿಮಗೆ ತಲುಪಿದ ದಿನದಿಂದ ಮನೇಲಿರಬೇಕು.”

“ತಲುಪಿತಲ್ಲ ಮೇಡಂ, ಕೈಯಲ್ಲೇ ಇದೆ.”

“ಅಯ್ಯೋ, ಹಂಗಲ್ಲ ಅಣ್ಣ. ಆದೇಶ ಅಂದ್ರೆ ಮುದ್ದಾಂ ಹೋಗ್ಬೇಕು. ಕಚೇರಿ ಸೈಕಲ್ಲಲ್ಲಿ, ಮನೆ ವಿಳಾಸಕ್ಕೆ, ಟಪಾಲು ಪುಸ್ತಕದಲ್ಲಿ ಸಹಿ ತಗೊಂಡು. ಇಲ್ಲಿ ಕೊಟ್ರೆ ಅದು ಕೊಟ್ಟಂಗಲ್ಲ.” ಮೇಡಂ ಸುತ್ತಮುತ್ತ ನೋಡಿ ದನಿ ಇಳಿಸಿದರು. “ಸೈಕಲ್ ಹೊರಡಂಗಿಲ್ಲ ತಾನೆ? ಸುಮ್ಮನಿರಿ.”

5. ನಡೆದೇ ಒಯ್ಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಹಿಂದೊಮ್ಮೆ ಟೈರು ಪಂಕ್ಚರ್ ಆದಾಗ ಅರ್ಜಿದಾರ ನಡೆದೇ ಕಾಗದ ಮುಟ್ಟಿಸಿದ್ದಕ್ಕೆ, ಸೈಕಲ್ ಇರುವಾಗ ಕಾಲು ಬಳಸಿದ್ದೇಕೆ ಎಂದು ಇದೇ ಕಚೇರಿ ಜ್ಞಾಪನ ಕೊಟ್ಟಿದೆ. ಕಾರಣ, ಅರ್ಜಿದಾರ ನಿಯಮಕ್ಕೆ ತಲೆಬಾಗಿ, ಹತ್ತೊಂಬತ್ತು ದಿನದಿಂದ ಲಕೋಟೆಯನ್ನು ಚೀಲದಲ್ಲಿಟ್ಟುಕೊಂಡು ಮೆಟ್ಟಿಲ ಕೆಳಗೆ ಕೂತಿದ್ದಾನೆ. ಸಮಿತಿ ಜಗಳವಾಡಿದಷ್ಟು ದಿನ ಅವನ ಕೆಲಸ ಗಟ್ಟಿ. ಮೂವರ ಆಯುರಾರೋಗ್ಯಕ್ಕಾಗಿ ಅವನು ದಿನವೂ ಹಾರೈಸುತ್ತಿದ್ದಾನೆ.

6. ಅಷ್ಟರಲ್ಲಿ ಸಮಿತಿಗೆ ಎಲ್ಲಿಲ್ಲದ ಬುದ್ಧಿ ಬಂದು, “ತುಳಿಯೋನನ್ನೇ ಕೇಳೋಣ” ಎಂದು ಒಮ್ಮತದಿಂದ ತೀರ್ಮಾನಿಸಿದೆ. ಅರ್ಜಿದಾರ ಹೇಳಿದ್ದೇ ಅಂತಿಮವಂತೆ. ಸರಿಯಾದದ್ದನ್ನು ಹೇಳಿದರೆ ಚೈನು ತಿರುಗುತ್ತದೆ, ಸೈಕಲ್ ಹೊರಡುತ್ತದೆ, ಲಕೋಟೆ ಮನೆ ಸೇರುತ್ತದೆ, ಅರ್ಜಿದಾರನೂ ಹಿಂದೆಯೇ ಮನೆ ಸೇರುತ್ತಾನೆ. ಅವನಿಗೆ ಭಯವಾಗಿದೆ. ಇದನ್ನು ಸುತ್ತಿಬಳಸಿ ಬರೆಯಲು ಈ ಬರೆಯುವವನಿಗೆ ತಿಳಿಯಲಿಲ್ಲ.

7. ಹಾಗಿದ್ದರೆ ಸುಳ್ಳು ಹೇಳಬಹುದಲ್ಲ? ಪ್ರಯತ್ನಿಸಲಾಗಿದೆ. ಅರ್ಜಿದಾರನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವರು, ಗಟ್ಟಿ ಹೆಂಗಸು. ನಿನ್ನೆ ಸಂಜೆ ಟೇಪನ್ನು ಕೊರಳಿಗೆ ಹಾಕಿಕೊಂಡು, ಕತ್ತರಿಯಿಂದ ಮೇಜು ಕುಟ್ಟಿ, ಸಮಿತಿಯ ಅಧ್ಯಕ್ಷರಾಗಿ ಕೂತರು.

“ಹೇಳ್ರೀ ಪೆಡಲಣ್ಣ, ಯಾವ ಎಣ್ಣೆ ಸರಿ?”

“ಗ್ರೀಸು.”

“ಮುಖ ನೋಡಿ ಹೇಳಿ.”

“ಗ್ರೀಸು ಸಾರ್.”

“ಯಾಕೆ ಗ್ರೀಸು?”

“ಯಾಕೆ ಅಂದ್ರೆ… ಅಲ್ಲ ಕಣೇ, ಗ್ರೀಸು ಹಾಕಿದ್ರೆ ಚೈನು ಸತ್ತೇಹೋಗತ್ತೆ! ಯಾವ ಬಾಯಲ್ಲಿ ಹೇಳ್ಲಿ?”

ಅಧ್ಯಕ್ಷರು ಕತ್ತರಿ ಕೆಳಗಿಟ್ಟರು. “ಮದ್ವೆ ಆದಾಗಿಂದ ಹೇಳ್ತಿದೀನಿ, ನಿಮಗೆ ಒಂದು ಸುಳ್ಳು ನೆಟ್ಟಗೆ ಬರಲ್ಲ. ಹೋಗಿ, ಕೇಳ್ಬೇಡಿ ಅಂತಾನೇ ಬರೆಸ್ಕೊಂಡು ಬನ್ನಿ,” ಎಂದು ನಕ್ಕರು. ಆಮೇಲೆ ಸೆರಗಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದರು.

8. ಇಷ್ಟು ಬರೆಸಿ ಅರ್ಜಿದಾರ ಎದ್ದು ನಿಂತಿದ್ದ. ಸುಮ್ಮನೆ ಕಳಿಸಬೇಕಿತ್ತು. ಬರೆಯುವವನ ಕೆಟ್ಟ ಬಾಯಿ, “ಅಷ್ಟಕ್ಕೂ ಸರಿಯಾದ್ದು ಯಾವ್ದಯ್ಯ?” ಎಂದು ಕೇಳಿಬಿಟ್ಟಿತು. ಅರ್ಜಿದಾರನ ಮುಖ ಅರಳಿಹೋಯಿತು. ಮತ್ತೆ ಕೂತ. ಅವನು ಹೇಳುತ್ತಾ ಹೋದ, ಅಭ್ಯಾಸಬಲದಿಂದ ಈ ಕೈ ಬರೆಯುತ್ತಾ ಹೋಯಿತು:

“ಮೊದಲು ಸೀಮೆಎಣ್ಣೆ, ಹಳೇ ಹಲ್ಲುಜ್ಜೋ ಬ್ರಷ್ಷು. ಕಪ್ಪು ಪೂರಾ ಬಿಡೋ ತನಕ ಉಜ್ಜಬೇಕು. ಬಿಸಿಲಲ್ಲಿ ಒಣಗಿಸ್ಬೇಕು, ಒದ್ದೆ ಇದ್ರೆ ಏನ್ ಹಾಕಿದ್ರೂ ದಂಡ. ನಮ್ದು ಧೂಳಿನ ದಾರಿ, ಅಲ್ವಾ? ಅದಕ್ಕೆ ಮೇಣ. ಕರಗಿಸಿದ ಮೇಣದಲ್ಲಿ ಚೈನು ಬಿಚ್ಚಿ ಅದ್ದಿ ಇಡ್ಬೇಕು, ಧೂಳು ಹತ್ತಿರಾನೂ ಸುಳಿಯಲ್ಲ. ಮಳೆಗಾಲಕ್ಕೆ ಮೇಣ ನಿಲ್ಲಲ್ಲ, ಆಗ ಸ್ವಲ್ಪ ದಪ್ಪ ಎಣ್ಣೆ. ಒಂದೊಂದು ಕೀಲಿಗೆ ಒಂದೊಂದೇ ಹನಿ, ಪೆಡಲು ಹಿಂದಕ್ಕೆ ತಿರುಗಿಸ್ತಾ. ಎಣ್ಣೆ ಇರ್ಬೇಕಾದ್ದು ಚೈನಿನ ಒಳಗೆ ಸ್ವಾಮಿ, ಮೈಮೇಲಲ್ಲ. ಎಲ್ಲ ಆದ್ಮೇಲೆ ಒಣಬಟ್ಟೇಲಿ ಒರೆಸ್ಬೇಕು. ಹನ್ನೊಂದು ಅರ್ಜೀಲೂ ಇದನ್ನೇ ಬರ್ದಿದ್ದೆ.”

ಹೇಳಿ ಮುಗಿಸಿದ ಮೇಲೆ ಅರ್ಜಿದಾರ ಕಾಗದ ನೋಡಿ ತಲೆ ಮೇಲೆ ಕೈ ಹೊತ್ತು ಕೂತ. ಹೊಡೆದುಹಾಕೋಣವೆಂದರೆ, ಚಿತ್ತುಮಾಡಿದ ಅರ್ಜಿಯನ್ನು ತಮ್ಮ ಕಚೇರಿ ಸ್ವೀಕರಿಸುವುದಿಲ್ಲ. ಹೊಸದಾಗಿ ಬರೆಯೋಣವೆಂದರೆ ಹನ್ನೊಂದಕ್ಕೆ ಐದು ನಿಮಿಷವಿದೆ, ಇಂದೇ ಸೋಮವಾರ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಲೂ, ಇಪ್ಪತ್ತೆರಡು ವರ್ಷ ಅರ್ಜಿದಾರನನ್ನು ಯಾರೂ ಏನೂ ಕೇಳದೆ ಕಚೇರಿ ಸಾಂಗವಾಗಿ ನಡೆದಿರುವುದರಿಂದಲೂ, ಸದರಿ ಪದ್ಧತಿಯನ್ನು ಇನ್ನು ಮೂರೇ ಮೂರು ವರ್ಷ ಮುಂದುವರಿಸಬೇಕಾಗಿಯೂ, ಕಂಡಿಕೆ 8ನ್ನು ತಾವು ಓದದಿರಬೇಕಾಗಿಯೂ, ಓದಿದ್ದಲ್ಲಿ ‘ಓದಿಲ್ಲ’ ಎಂದು ಷರಾ ಬರೆಯಬೇಕಾಗಿಯೂ ಪ್ರಾರ್ಥನೆ.

ಸುಳ್ಳು ಬಾರದ, ತಮ್ಮ ವಿಶ್ವಾಸಿ,
(ಸಹಿ) ಟಪಾಲು ನೌಕರ

ಲಗತ್ತುಗಳು:
1) ಹನ್ನೊಂದು ಅರ್ಜಿಗಳ ನಕಲು (ಇವನ್ನೂ ಓದಬಾರದು).
2) ಪ್ಯಾಂಟು, ಒಂದು.
3) ಲಕೋಟೆ. ಲಗತ್ತಿಸಿದರೆ ತಲುಪಿದಂತಾಗಬಹುದೆಂಬ ಭಯದಿಂದ ಲಗತ್ತಿಸಿಲ್ಲ.

ವಿ.ಸೂ.: ಸಹಿ ಹಾಕಿ ಗೇಟಿನ ತನಕ ಹೋದ ಅರ್ಜಿದಾರ ವಾಪಸು ಓಡಿಬಂದು ಇದೊಂದನ್ನು ಸೇರಿಸಲು ಹೇಳಿದ್ದಾನೆ. ಸಾಹೇಬರು ಹೇಗೂ ಓದಿಬಿಟ್ಟಿದ್ದಲ್ಲಿ, ತಾನಿಲ್ಲದ ಮೇಲೆ ಚೈನಿಗೆ ಯಾರೇ ಎಣ್ಣೆ ಹಾಕಿದರೂ ಕೊನೆಯಲ್ಲಿ ಒರೆಸುವಂತೆ ಖಡಕ್ಕಾಗಿ ಒಂದು ಸುತ್ತೋಲೆ ಹೊರಡಿಸಬೇಕಂತೆ. ಆ ಮೂವರಲ್ಲಿ ಯಾರೂ ಒರೆಸುವ ಪೈಕಿಯಲ್ಲ.