ಬ್ಯಾರನ್ ಗೋಡೆ ಮುಟ್ಟಿದ ಸಲಹೆಗಾರ್ತಿ

ನೇರವಾಗಿಯೇ ಹೇಳುತ್ತೇನೆ. ಕಂಪಲಾಪುರದ ಜಯಮ್ಮನವರ ಹೊಗೆಸೊಪ್ಪು ಹಾಳಾದದ್ದಕ್ಕೆ ನನ್ನಷ್ಟೇ ನಮ್ಮ ಕಂಪನಿಯ ಆಡಳಿತವೂ ಹೊಣೆ. ಗಂಡಸರಿಗೆ ವಿಶ್ಲೇಷಣೆ, ಹೆಂಗಸರಿಗೆ ಒಳಮನಸ್ಸು ಎಂದು ಬುದ್ಧಿಯನ್ನು ಪಾಲು ಮಾಡಿ ಹಂಚಿದವರು ಅವರೇ.

ನಾನು ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವೀಧರೆ. ಹೊಗೆಸೊಪ್ಪು ಬೆಳೆಗಾರರಿಗೆ ಸಲಹೆ ನೀಡುವುದು ನನ್ನ ಕೆಲಸ. ಹುಣಸೂರಿನ ಮುಖ್ಯ ವ್ಯವಸ್ಥಾಪಕ ಹುದ್ದೆ ಖಾಲಿಯಿತ್ತು. ನನಗೂ ಸಹೋದ್ಯೋಗಿ ಗಿರೀಶನಿಗೂ ಅದರ ಮೇಲೆ ಕಣ್ಣು.

ಸೌದೆ ಉರಿಸಿ ಸೊಪ್ಪು ಹದಮಾಡುವ ಕೋಣೆ, ಅಂದರೆ ಬ್ಯಾರನ್ನಿನ ಶಾಖವನ್ನು ಮಾಪಕದಲ್ಲಿ ಅಳೆದು, ನಕ್ಷೆ ಸಮೇತ ವರದಿ ಕಳಿಸುತ್ತಿದ್ದೆ. ನಮ್ಮ ಮೇಲಧಿಕಾರಿ ಸಾಹೇಬರಿಂದ ಉತ್ತರವೇ ಇಲ್ಲ. ಗಿರೀಶ ಆಕಾಶ ನೋಡಿ, ಮೀಸೆ ನೀವಿ, “ಉರಿ ಕಮ್ಮಿ ಮಾಡಾಣ ಬುಡಿ ಸಾರ್” ಎಂದರೆ ಅದು ವಿಶ್ಲೇಷಣೆ!

ನನಗೊಂದು ಉಪಾಯ ಹೊಳೆಯಿತು. ಲೆಕ್ಕವನ್ನು ಬ್ಯಾಗಿನಲ್ಲಿ ಬಚ್ಚಿಟ್ಟು, ಅದರ ಫಲವನ್ನಷ್ಟೇ ಹೇಳಿ, “ಯಾಕೋ ಮನಸ್ಸಿಗೆ ಹಾಗನ್ನಿಸಿತು ಸರ್” ಎಂದೆ. ತಕ್ಷಣ ಒಪ್ಪಿಗೆ. ಮುಂದೆಯೂ ಅದೇ ಆಟ. ಲೆಕ್ಕ ತಪ್ಪಲಿಲ್ಲ, ಕೀರ್ತಿ ಒಳಮನಸ್ಸಿಗೆ ಹೋಯಿತು. ಊರವರು ಕಳೆದುಹೋದ ಹಸುವಿನ ದಿಕ್ಕನ್ನೂ ನನ್ನನ್ನೇ ಕೇಳತೊಡಗಿದರು.

ಹುದ್ದೆಯ ಆಯ್ಕೆಗೆಂದು ಸಾಹೇಬರು ನನ್ನನ್ನೂ ಗಿರೀಶನನ್ನೂ ಕರೆದುಕೊಂಡು ಜಯಮ್ಮನವರ ಬ್ಯಾರನ್ನಿಗೆ ಬಂದ ದಿನವೇ ಮಾಪಕ ಕೆಟ್ಟಿತು.

“ಬೇರೆಯದು ತರಿಸುತ್ತೇನೆ ಸರ್.”

“ನಿಮಗ್ಯಾಕಮ್ಮ ಮಾಪಕ? ಗೋಡೆ ಮುಟ್ಟಿ ಹೇಳಿ.”

ಗೊತ್ತಿಲ್ಲ ಎನ್ನಬಹುದಿತ್ತು. ಹುಣಸೂರಿನ ಕುರ್ಚಿ ಕಣ್ಣಮುಂದೆ ಬಂತು. ಗಂಭೀರವಾಗಿ ಕಣ್ಣು ಮುಚ್ಚಿ ಅಂಗೈಯಿಟ್ಟೆ. ಅಂಗೈ ಸುಟ್ಟಿತು. ಬೇರೇನೂ ತಿಳಿಯಲಿಲ್ಲ.

“ಗ್ವಾಡೆ ಏನಂತವ್ವಾ?” ಎಂದರು ಜಯಮ್ಮ.

“ಉರಿ ಜೋರು ಮಾಡಿ.”

“ನೀನೇಳಿದ್ ಮ್ಯಾಲೆ ಮುಗೀತು ಬುಡು” ಎಂದು ಅವರು ಸೌದೆ ತುಂಬಿದರು. ಗಿರೀಶ ಮಾತ್ರ, “ನೋಡಾಣ ಬುಡಿ ಸಾರ್” ಎಂದ.

ಕೆಲವು ದಿನಗಳ ನಂತರ ಬಾಗಿಲು ತೆರೆದಾಗ, ನಿಧಾನ ಶಾಖದಲ್ಲಿ ಹಳದಿಗೆ ತಿರುಗಬೇಕಿದ್ದ ಸೊಪ್ಪು ಜೋರು ಉರಿಗೆ ಹಸಿರಾಗಿಯೇ ಒಣಗಿ ನಿಂತಿತ್ತು.

“ಇದೇನವ್ವಾ, ದಂಟಿನ ಸೊಪ್ಪು ಒಣಗಾಕ್ದಂಗದೆ. ಅವತ್ತು ನಿನ್ ಮನ್ಸು ಎಲ್ಲೋಗಿತ್ತು?”

ಹುಣಸೂರಿಗೆ.

ಸಾಹೇಬರ ಮುಂದೆ ಎಲ್ಲ ಒಪ್ಪಿಕೊಂಡೆ: “ಹಿಂದಿನವೆಲ್ಲ ಲೆಕ್ಕ ಸರ್. ಅಂದಾಜು ಮಾಡಿದ್ದು ಇದೊಂದೇ.” ಅವರು ಮರುಕದಿಂದ ನಕ್ಕರು. “ವಿನಯ ಜಾಸ್ತಿ ನಿಮಗೆ. ಒಳಮನಸ್ಸು ಒಮ್ಮೊಮ್ಮೆ ಕೈಕೊಡುತ್ತೆ ಕಣಮ್ಮ. ಅದಕ್ಕೇ ಹುಣಸೂರಿಗೆ ವಿಶ್ಲೇಷಣೆ ಮಾಡೋ ಗಂಡಸು ಬೇಕು.” ಗಿರೀಶನ ‘ನೋಡಾಣ ಬುಡಿ’ ಈಗ ಕಡತದಲ್ಲಿ ‘ಮುನ್ನೆಚ್ಚರಿಕೆಯ ವಿಶ್ಲೇಷಣಾತ್ಮಕ ನಿಲುವು’. ಹುದ್ದೆ ಅವನದು.

ಆದಕಾರಣ ಆಡಳಿತ ವರ್ಗಕ್ಕೆ ನನ್ನ ಮನವಿ: ಜಯಮ್ಮನವರ ನಷ್ಟವನ್ನು ಕಂಪನಿ ಭರಿಸಬೇಕು, ನನ್ನ ಪಾಲನ್ನು ಸಂಬಳದಲ್ಲಿ ಹಿಡಿಯಬಹುದು. ಮೀಸೆ ನೀವುವುದು ಯಾವ ಶಾಸ್ತ್ರದ ಪ್ರಕಾರ ವಿಶ್ಲೇಷಣೆ ಎಂಬುದಕ್ಕೆ ಲಿಖಿತ ಉತ್ತರ ಕೊಡಬೇಕು.

ಉತ್ತರ ಬರುವುದಿಲ್ಲವೆಂದು ನನಗನ್ನಿಸುತ್ತಿದೆ. ದಯವಿಟ್ಟು ಇದನ್ನು ಒಳಮನಸ್ಸೆಂದು ಭಾವಿಸಬಾರದು. ಹಿಂದಿನ ವರದಿಗಳ ಗತಿಯನ್ನು ಆಧರಿಸಿದ ಲೆಕ್ಕ ಇದು.