ಮೈದುನನ ಅಳತೆ, ನನ್ನ ಮಾತ್ರೆ

ಆಗ ನನಗೆ ಐವತ್ತೆಂಟು. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ನನ್ನ ಮೈದುನನಂಥ ತಿಕ್ಕಲನನ್ನು ಹಲಸೂರು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ! ಟೈಲರ್ ಅಂದಮೇಲೆ ಅಂಗಿ ಅಳೆಯಲಿ, ಬೇಡ ಅಂದವರ್ಯಾರು? ಇವನು ಹೋಟೆಲಿನಲ್ಲಿ ದೋಸೆಗೂ ಟೇಪು ಹಿಡಿಯುತ್ತಿದ್ದ. “ಹೋದ್ವಾರಕ್ಕಿಂತ ಅರ್ಧ ಇಂಚು ಕಮ್ಮಿ ಕಣ್ರೀ!” ಅಂತ ಮಾಲೀಕನ ಮಾನ ತೆಗೆಯುತ್ತಿದ್ದ.

ಆ ವರ್ಷ ಅವನ ಎದೆಯಿಂದ ಹೊರಡುವ ದೊಡ್ಡ ರಕ್ತನಾಳ ಉಬ್ಬಿಕೊಂಡಿತು; ಆಸ್ಪತ್ರೆಯಲ್ಲಿ ಅದನ್ನು ಕೊಯ್ದು ಬಟ್ಟೆಯ ಕೊಳವೆ ಹಾಕಿ ಹೊಲಿದರು. ಎಚ್ಚರವಾದ ಕೂಡಲೇ ಇವನು ಕೇಳಿದ್ದು ಏನು ಗೊತ್ತೆ?

“ಡಾಕ್ಟ್ರೇ, ಒಂಟಿ ಹೊಲಿಗೇನಾ, ಜೋಡಿನಾ?”

ಡಾಕ್ಟರು ನಕ್ಕರು, ಆಮೇಲೆ ಗಟ್ಟಿಯಾಗಿ ಹೇಳಿದರು: “ಕಿಡ್ನಿ ಸುಸ್ತಾಗಿದೆ. ಉಚ್ಚೆ ಅಳೆದು ಬರೆದಿಡಿ. ನಾವು ಕೊಟ್ಟಿದ್ದು ಬಿಟ್ಟು ಬೇರೆ ಯಾವ ನೋವಿನ ಮಾತ್ರೇನೂ ಬೇಡ.”

ಅಳೆಯುವುದೆಂದರೆ ಇವನಿಗೆ ಹಬ್ಬ! ಗೆರೆಯಿರುವ ಡಬ್ಬಿ ಎತ್ತಿ ಹಿಡಿದು ಇಡೀ ವಾರ್ಡಿಗೆ ಕೂಗಿ ಹೇಳುತ್ತಿದ್ದ. ನೋಡಲು ಬಂದವರು ಹಣ್ಣು ಇಟ್ಟು ಓಡುತ್ತಿದ್ದರು. ನನಗೆ ಬರುವುದು ಅಂಕಿ ಮಾತ್ರ, ಅಷ್ಟನ್ನು ಬರೆದುಕೊಳ್ಳುತ್ತಿದ್ದೆ.

ಆಪರೇಷನ್ ಆದ ಐದನೇ ದಿನ ಸೊಂಟ ನೋವು ಅಂತ ನರಳಿದ. ನನ್ನ ಮಂಡಿನೋವಿನ ಮಾತ್ರೆ ಸದಾ ಸೆರಗಿನ ಗಂಟಿನಲ್ಲಿರುತ್ತದೆ. ಬೀದಿಯಲ್ಲಿ ಯಾರಿಗೆ ಎಲ್ಲಿ ನೋವಾದರೂ ಅದನ್ನೇ ಹಂಚಿದವಳು ನಾನು.

“ಡಾಕ್ಟ್ರು ಬೇಡ ಅಂದ್ರಲ್ಲ ಅತ್ತಿಗೆ?”

“ಸೊಂಟ ನಿಂದೋ ಡಾಕ್ಟ್ರದೋ? ಬಾಯ್ಮುಚ್ಕೊಂಡು ನುಂಗು.”

ನುಂಗಿದ. ಎರಡು ದಿನ, ಬೆಳಿಗ್ಗೆ ಸಂಜೆ.

ಮಾತ್ರೆ ಶುರುವಾದ ಮೂರನೇ ದಿನ ಡಬ್ಬಿ ಎತ್ತಿದವನು ಕೂಗಲಿಲ್ಲ. ಉಚ್ಚೆ ಅಡಿಯ ಗೆರೆಯನ್ನೂ ಮುಟ್ಟಿರಲಿಲ್ಲ. ರಕ್ತ ಪರೀಕ್ಷೆಯೂ ಕೆಟ್ಟು ಬಂತು. ಸಂಜೆ ಡಾಕ್ಟರು ಬಂದು, ಇನ್ನೂ ಇಳಿದರೆ ಡಯಾಲಿಸಿಸ್ ಅಂದರು. “ಏನಾದ್ರೂ ತಗೊಂಡ್ರಾ?”

“ನೋವಿನ ಮಾತ್ರೆ ಡಾಕ್ಟ್ರೇ. ನಾನೇ ದಿಂಬಿನ ಕೆಳಗೆ ಬಚ್ಚಿಟ್ಕೊಂಡಿದ್ದೆ,” ಅಂದ ಮೈದುನ.

ವಾರ್ಡೆಲ್ಲ ಕೇಳುವಂತೆ ಅವನಿಗೆ ಬೈದರು. ಸಂತೆಯಲ್ಲಿ ಕಾಸಿನ ಸೊಪ್ಪಿಗೂ ಜಗಳ ತೆಗೆಯುವ ನನ್ನ ಬಾಯಿ ಆಗ ಏಳಲೇ ಇಲ್ಲ. ನೆಲ ನೋಡುತ್ತ ನಿಂತಿದ್ದೆ. ಇವತ್ತಿಗೂ ಆ ನಿಂತಿದ್ದು ನೆನೆದರೆ ಅನ್ನ ಇಳಿಯುವುದಿಲ್ಲ.

ಡಾಕ್ಟರು ಹೋದಮೇಲೆ ಕೇಳಿದೆ: “ಯಾಕೋ ಸುಳ್ಳು ಹೇಳ್ದೆ?”

“ನಿಮ್ಮನ್ನ ಒಳಗೆ ಬಿಡದೇ ಹೋದ್ರೆ? ನಂಗ್ಯಾರಿದ್ದಾರೆ ಅತ್ತಿಗೆ?” ಅಂದು ಗೋಡೆಯ ಕಡೆ ತಿರುಗಿ ಮಲಗಿದ.

ಅವನ ಕಿಡ್ನಿ ಮೆಲ್ಲಗೆ ಸುಧಾರಿಸಿತು, ಅದು ಆಮೇಲಿನ ಮಾತು. ಮರುದಿನ ಬೆಳಿಗ್ಗೆ ಡಾಕ್ಟರು ಬಂದಾಗ ನಾನು ಬಾಗಿಲಿಗೆ ಅಡ್ಡ ನಿಂತು, ಕೊನೆಯ ಮಂಚದವರಿಗೂ ಕೇಳುವಂತೆ ಹೇಳಿದೆ: “ಮಾತ್ರೆ ಕೊಟ್ಟೋಳು ನಾನು. ನಿನ್ನೆ ಅವನಿಗೆ ಬೈದಿದ್ದನ್ನೆಲ್ಲ ಈಗ ನಂಗೆ ಬೈಯಿರಿ.”